ಸಂತ ನಿಕೋಲನ ಹಬ್ಬಕ್ಕೆ ಬಂದ ಇನ್ಸ್‌ಪೆಕ್ಟರ್

ನನ್ನ ಹೆಂಡತಿ ನೆಲಿಡಾಳನ್ನು ಕಂಡರೆ ನನಗೆ ಭಯ, ಭಕ್ತಿ, ಬೆರಗು ಮೂರೂ ಸಮಪ್ರಮಾಣದಲ್ಲಿವೆ. (ಮದುವೆಯಾಗಿ ಹದಿನೆಂಟೇ ದಿನ, ಪ್ರಮಾಣ ಮುಂದೆ ಬದಲಾಗುತ್ತದೆ ಎನ್ನುತ್ತಾರೆ ಅನುಭವಸ್ಥರು.) ಪೆರುವಿನಿಂದ ಪ್ರವಾಸಿ ವೀಸಾದಲ್ಲಿ ನಮ್ಮ ಸರ್ಬಿಯಾ ನೋಡಲು ಬಂದಿದ್ದಳು. ವಾಲ್ಯೆವೊ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂತಿದ್ದ ನಾನು, ಅಂದರೆ ವಿದೋಯೆ, ಅವಳಿಗೆ ತಪ್ಪು ಬಸ್ಸಿನ ಟಿಕೆಟ್ ಕೊಟ್ಟೆ. ಸಂಜೆ ಅವಳು ಜಗಳಕ್ಕೆಂದು ವಾಪಸ್ ಬಂದಳು. ಜಗಳ ಎಷ್ಟು ಮಾಡಿದರೂ ಮುಗಿಯದ್ದರಿಂದ ಮದುವೆಯಾದೆವು.

ಆದರೆ ಪ್ರವಾಸಿಗೆ ಇಲ್ಲಿ ತೊಂಬತ್ತೇ ದಿನದ ಅವಕಾಶ. ಗಂಡನ ಜೊತೆ ಇರಲು ಪರವಾನಗಿ ಕೊಡಿ ಎಂದು ಅರ್ಜಿ ಹಾಕಿದೆವು. ಅದು ಸಿಕ್ಕರೆ ಮುಂದೊಂದು ದಿನ ಕಾಯಂ ವಾಸ. ಸಿಗದಿದ್ದರೆ ಇನ್ನು ನಾಲ್ಕು ದಿನಕ್ಕೆ ಅವಳು ವಿಮಾನ ಹತ್ತಬೇಕು. ಮದುವೆ ನಿಜವೋ ನಾಟಕವೋ ನೋಡಲು ಇನ್ಸ್‌ಪೆಕ್ಟರ್ ಹೇಳದೆ ಕೇಳದೆ ಬರುತ್ತಾರೆ ಎಂದು ಕಚೇರಿಯಲ್ಲಿ ಹೇಳಿದ್ದರು. ಅವಳಿಲ್ಲದ ಮನೆಯನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಆತ ಬಂದದ್ದು ನಮ್ಮ ಮನೆತನವನ್ನು ಕಾಯುವ ಸಂತ ನಿಕೋಲನ ಹಬ್ಬದ ದಿನವೇ. ಅಂದು ನಾವು ಯಾರನ್ನೂ ಕರೆಯುವುದಿಲ್ಲ. ಬಂದವರನ್ನು ಉಣಿಸದೆ ಕಳಿಸುವುದೂ ಇಲ್ಲ. ಅತಿಥಿಗಳು ಇರುವಷ್ಟು ಹೊತ್ತೂ ಮನೆಯ ಯಜಮಾನ ಕೂರಬಾರದು, ನಿಂತೇ ಉಪಚರಿಸಬೇಕು. (ವರ್ಷದಲ್ಲಿ ನಾನು ಯಜಮಾನನಾಗಿರುವುದು ಅದೊಂದೇ ದಿನ.)

"ಇನ್ಸ್‌ಪೆಕ್ಟರ್ ಝಿವಾದಿನ್. ವಿಚಾರಣೆ ಮಾಡ್ಬೇಕಿತ್ತು," ಎಂದ ಆತ, ಕಂಕುಳಲ್ಲಿ ಫೈಲು.

ನಾನು ಬಾಯಿ ತೆರೆಯುವಷ್ಟರಲ್ಲಿ ನೆಲಿಡಾ ಹಬ್ಬದ ಬೇಯಿಸಿದ ಗೋಧಿಯ ಬಟ್ಟಲು ಹಿಡಿದು ಬಂದಳು. "ಮೊದ್ಲು ಒಂದ್ ಚಮಚ ಗೋಧಿ ತಗೊಳ್ಳಿ. ವಿಚಾರಣೆ ಎಲ್ಲೂ ಓಡಿಹೋಗಲ್ಲ. ಆ ಉಣ್ಣೆ ಚಪ್ಪಲಿ ಹಾಕ್ಕೊಳ್ಳಿ, ನೆಲ ಥಂಡಿ."

ಮೂರೇ ತಿಂಗಳಲ್ಲಿ ಅಡುಗೆಮನೆಯಲ್ಲೇ ಕಲಿತ ಭಾಷೆ. ಗದರುವ ಧಾಟಿ ಸಾಕ್ಷಾತ್ ನಮ್ಮಮ್ಮನದು. ಇನ್ಸ್‌ಪೆಕ್ಟರ್ ಶಿಲುಬೆಯ ಗುರುತು ಹಾಕಿಕೊಂಡು ಗೋಧಿ ತಿಂದ, ಚಪ್ಪಲಿ ಹಾಕಿಕೊಂಡ, ಉಳಿದ ಅತಿಥಿಗಳ ನಡುವೆ ಮೀನಿನ ಸಾರಿನ ಮುಂದೆ ಕೂತು ಫೈಲು ಬಿಚ್ಚಿದ.

"ಯಜಮಾನ್ರೇ, ನಿಮ್ ತಾಯಿ ಯಾವ ಮಾತ್ರೆ ತಗೋತಾರೆ?"

"ಬಿಳೀದು," ಎಂದೆ.

"ಬೆಳಿಗ್ಗೆ ಬಿಪಿದು ಅರ್ಧ, ಊಟ ಆದ್ಮೇಲೆ ಮಂಡಿ ನೋವಿಂದು ಒಂದು," ಅಡುಗೆಮನೆಯಿಂದ ನೆಲಿಡಾಳ ದನಿ.

"ಸಕ್ಕರೆ ಡಬ್ಬಿ ಎಲ್ಲಿಡ್ತೀರಿ?"

"ಅದು... ಸಕ್ಕರೆ ಇಡೋ ಜಾಗದಲ್ಲಿ."

ಇನ್ಸ್‌ಪೆಕ್ಟರ್ ಏನೋ ಗೀಚಿಕೊಂಡ. ನನ್ನ ದಡ್ಡತನಕ್ಕೆ ಅವಳು ಗಡೀಪಾರಾಗುತ್ತಾಳಲ್ಲ ಎಂದು ಕಣ್ಣಲ್ಲಿ ನೀರೇ ಬಂತು. ಇನ್ನು ಹೊಟ್ಟೆಯ ಮೂಲಕವೇ ಸರ್ಕಾರವನ್ನು ಗೆಲ್ಲಬೇಕೆಂದು ಹಿತ್ತಲಿಗೆ ಓಡಿ, ಹೊಗೆಗೂಡಿನಲ್ಲಿ ತೂಗುಹಾಕಿದ್ದ ಹಂದಿ ತೊಡೆಯಿಂದ ದಪ್ಪ ದಪ್ಪ ಹೋಳು ಕೊಯ್ದು ತಂದು ಆತನ ಮುಂದಿಟ್ಟೆ.

ಅಮ್ಮ ಹಣೆ ಚಚ್ಚಿಕೊಂಡಳು.

ನೆಲಿಡಾ ತಟ್ಟೆ ಎತ್ತಿಕೊಂಡಳು. "ಇವತ್ತು ಉಪವಾಸ, ವಿದೋಯೆ. ನಿಕೋಲನ ಹಬ್ಬ ಯಾವಾಗ್ಲೂ ಕ್ರಿಸ್‌ಮಸ್ ಉಪವಾಸದಲ್ಲೇ ಬರೋದು, ಮೀನು ಬಿಟ್ಟು ಬೇರೆ ಮಾಂಸ ಒಳಗೆ ತರೋ ಹಾಗಿಲ್ಲ. ನಲವತ್ತೆರಡು ವರ್ಷ ಈ ಮನೇಲಿ ಏನ್ ಮಾಡ್ತಿದ್ದೆ ನೀನು?"

"ಬಿಡಮ್ಮ, ಅವನು ಹುಟ್ಟಿದಾಗಿಂದ್ಲೂ ಹೀಗೇ," ಎಂದಳು ಅಮ್ಮ. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿ, "ನೋಡಪ್ಪ, ಇವಳನ್ನ ಕಳಿಸೋದಾದ್ರೆ ನಂಗೂ ಒಂದ್ ಟಿಕೆಟ್ ತೆಗ್ಸು. ಇವನ ಕೈಲಿ ಮಾತ್ರ ತೆಗೆಸ್ಬೇಡ, ತಪ್ಪು ಬಸ್ ಹತ್ತಿಸ್ತಾನೆ."

ಆತ ಸಾರು ಮುಗಿಸಿ, ಮೀಸೆ ಒರೆಸಿಕೊಂಡು, ಫೈಲಿಗೆ ಸಹಿ ಹಾಕಿದ. "ನಾನು ಒಪ್ಪಿಗೆ ಅಂತ ಬರೆದಿದೀನಿ. ಈಕೆ ಈ ಮನೆಯವರು, ಅನುಮಾನವೇ ಇಲ್ಲ."

ದೇವರೇ ಎಂದು ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತೆ. ಅತಿಥಿಗಳೆಲ್ಲ ನನ್ನನ್ನೇ ನೋಡಿದರು.

"ಹಬ್ಬದ ದಿನ ಹಂದಿ ತರ್ತೀರಿ, ಅತಿಥಿಗಳ ಮುಂದೆ ಕೂತ್ಕೋತೀರಿ," ಎಂದ ಇನ್ಸ್‌ಪೆಕ್ಟರ್, ಪೆನ್ನು ಮತ್ತೆ ತೆರೆಯುತ್ತಾ. "ಯಜಮಾನ್ರೇ, ನೀವು ಈ ಮನೆಗೆ ಎಷ್ಟು ದಿನದ ವೀಸಾದಲ್ಲಿ ಬಂದಿದೀರಿ?"

ನೆಲಿಡಾ ಅಮ್ಮನ ಮುಖ ನೋಡಿದಳು. ಅಮ್ಮ ತಲೆಯಾಡಿಸಿದಳು.

"ಅರ್ಜಿ ಹಾಕಿದಾನೆ ಸಾರ್," ಎಂದಳು ನೆಲಿಡಾ. "ನಾನೂ ಅತ್ತೇನೂ ಪರಿಶೀಲಿಸ್ತಾ ಇದೀವಿ."

ನಾನು ಎದ್ದು ನಿಂತೆ.