ಪೂಜೆಗೆ ಕುಳಿತ ಪಠ್ಯಪುಸ್ತಕ

ಮೇಜಿನ ಆ ಕಡೆ ನಿಂತು ಇಪ್ಪತ್ತೆಂಟು ವರ್ಷ ಮಾತಾಡಿದವನಿಗೆ ಈ ಕಡೆ ಕೂತು ಕೇಳುವುದು ಬಹಳ ಕಷ್ಟ ಎಂಬುದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ಕಿವಿ ಕೆಟ್ಟಿರುವುದಿಲ್ಲ, ಅಭ್ಯಾಸ ಕೆಟ್ಟಿರುತ್ತದೆ. ನಾನು ಗದಗಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವನು. ಬೆಲ್ ಹೊಡೆದ ಮೇಲೆ ಸ್ಟಾಫ್ ರೂಮಿನಿಂದ ಕ್ಲಾಸಿನವರೆಗಿನ ವರಾಂಡದಲ್ಲಿ ನಡೆಯುತ್ತ ಇವತ್ತಿನ ವಿಷಯ ಯಾವುದೆಂದು ನೆನಪಿಸಿಕೊಂಡು, ಒಳಗೆ ಹೋಗಿ ಐವತ್ತೈದು ನಿಮಿಷ ತಡೆಯಿಲ್ಲದೆ ಮಾತಾಡಬಲ್ಲೆ. ವರಾಂಡ ಇನ್ನೊಂದು ಹತ್ತು ಮಾರು ಉದ್ದವಿದ್ದಿದ್ದರೆ ಇನ್ನೂ ಚೆನ್ನಾಗಿ ಕಲಿಸುತ್ತಿದ್ದೆನೇನೋ. ಇಂಥ ನಾನು ಐವತ್ತಾರನೆಯ ವಯಸ್ಸಿನಲ್ಲಿ ವಿದ್ಯಾರ್ಥಿಯಾದೆ, ಅದೂ ಬೈಬಲ್ ಕೋರ್ಸಿಗೆ.

ನಮ್ಮ ಕಾಲೇಜಿನ ಆವರಣದಲ್ಲಿ, ಸೈಕಲ್ ಸ್ಟ್ಯಾಂಡಿನ ಹಿಂದೆ, ಹಂಚಿನ ಒಂದು ಹಳೆಯ ಕಟ್ಟಡವಿದೆ. ಅದು ಕ್ರೈಸ್ತ ಅಧ್ಯಯನ ಕೇಂದ್ರ. ಮಂಗಳವಾರ ಮತ್ತು ಶನಿವಾರ ಸಂಜೆ ಅಲ್ಲಿ ಡಿಗ್ರಿ ಮಟ್ಟದ ಬೈಬಲ್ ಪಾಠ ನಡೆಯುತ್ತದೆ. ಯಾವ ಜಾತಿಯವರೂ ಯಾವ ಧರ್ಮದವರೂ ಸೇರಬಹುದು, ಪಾಸಾದರೆ ಐಚ್ಛಿಕ ವಿಷಯವಾಗಿ ಅಂಕಪಟ್ಟಿಯಲ್ಲಿ ಸೇರುತ್ತದೆ, ಕಾಲೇಜಿನ ನೌಕರರಿಗೂ ಅವಕಾಶವಿದೆ. ಕಲಿಸುವವರು ಬೆಟಗೇರಿಯ ಸುಗುಣಾ ಮೇಡಂ, ಹೈಸ್ಕೂಲಿನಿಂದ ನಿವೃತ್ತರಾದವರು. ಧ್ವನಿ ಎತ್ತದೆ ಕಲಿಸುವವರನ್ನು ನಾನು ಮೊದಲ ಬಾರಿಗೆ ನೋಡಿದ್ದು ಅಲ್ಲಿಯೇ.

ನಾನು ಸೇರಿದ್ದು ಜ್ಞಾನದಾಹದಿಂದ ಎಂದು ಬರೆದರೆ ನೀವು ನಂಬಬಹುದು, ಆದರೆ ಸ್ಟಾಫ್ ರೂಮಿನವರು ನಂಬುವುದಿಲ್ಲ. ಒಂದು ದಿನ ಚಹಾದ ಹೊತ್ತಿನಲ್ಲಿ ರಸಾಯನಶಾಸ್ತ್ರದ ಅಂಗಡಿಯವರು, "ಆ ಮೇಡಂ ಪೇಪರ್ ಭಾಳ ಬಿಗಿ ತಪಾಸ ಮಾಡ್ತಾರಂತ್ರಿ, ಹುಡುಗ್ರ ಅಂಜತಾವ" ಎಂದರು. "ಪುಸ್ತಕಾ ಮುಂದ ಇಟಗೊಂಡ ಬರಿಯೂ ಪರೀಕ್ಷಾಕ್ಕ ಅಂಜೂದೇನ್ರಿ? ನಾ ಬರದ್ರ ಮೊದಲನೇ ನಂಬರ್" ಎಂದೆ. ಅಲ್ಲಿದ್ದ ಏಳು ಜನರೂ ಕಪ್ಪು ಕೆಳಗಿಟ್ಟು ನನ್ನನ್ನು ನೋಡಿದರು. ಆಡಿದ ಮಾತು ವಾಪಸು ತೆಗೆದುಕೊಳ್ಳುವುದು ರಾಜ್ಯಶಾಸ್ತ್ರದವರಿಗೆ ಕಷ್ಟವೇನಲ್ಲ, ಆದರೆ ಅಂಗಡಿಯವರು ಅಷ್ಟರಲ್ಲಿ ಅರ್ಜಿ ಫಾರ್ಮು ತರಿಸಿಬಿಟ್ಟಿದ್ದರು.

ಮೊದಲ ದಿನ ಒಳಗೆ ಹೋದಾಗ ಬಾಗಿಲಲ್ಲೇ ನಿಂತೆ. ಮುಂದಿನ ಬೆಂಚಿನಲ್ಲಿ ರೇಣುಕಾ ಕೂತಿದ್ದಳು. ಮುಂಡರಗಿ ಕಡೆಯ ಕೊರ್ಲಹಳ್ಳಿಯವಳು, ಹಾಸ್ಟೆಲ್ಲಿನಲ್ಲಿದ್ದು ನಮ್ಮಲ್ಲೇ ಬಿ.ಎ. ಓದುತ್ತಿದ್ದಾಳೆ. ಹಿಂದಿನ ವರ್ಷ ದಸರೆಯ ಹೊತ್ತಿನಲ್ಲಿ ನಾನು ಪುಸ್ತಕ ನೋಡಿ ಬರೆಯುವ ಒಂದು ಟೆಸ್ಟು ಇಟ್ಟಿದ್ದೆ. ಈ ಹುಡುಗಿ ಬರಿಗೈಲೆ ಬಂದು, "ಸರ್, ಊರಿಗೆ ಹೋಗಿದ್ದೆರಿ, ಮನ್ಯಾಗ ಪುಸ್ತಕಾ ಪೂಜಿಗೆ ಇಟ್ಟಾರ್ರಿ, ತಗೊಳ್ಳಾಕ ಕೊಡ್ಲಿಲ್ರಿ" ಎಂದಿದ್ದಳು. ನಾನು ಇಡೀ ಕ್ಲಾಸಿನ ಮುಂದೆ, "ಹಂಗಾರ ಉತ್ತರಾನೂ ದೇವರ ಬರೀತಾನ ತಗೋ" ಎಂದು ನಗಿಸಿ ಸೊನ್ನೆ ಹಾಕಿದ್ದೆ. ಆ ದಿನ ನನ್ನ ಮಾತಿಗೆ ನಾನೇ ಮೆಚ್ಚಿದ್ದೆ, ಅದನ್ನು ಮನೆಯಲ್ಲೂ ಹೇಳಿ ನಕ್ಕಿದ್ದೆ. ಈಗ ಅವಳ ಹಿಂದಿನ ಬೆಂಚಿನಲ್ಲಿ ಕೂತೆ. ಎಲ್ಲರಿಗಿಂತ ಮುಂದೆ ಬರುವುದು ಆಮೇಲಿನ ಮಾತು, ಈ ಹುಡುಗಿಗಿಂತ ಒಂದು ಅಂಕವಾದರೂ ಹೆಚ್ಚು ಬರದಿದ್ದರೆ ಇನ್ನು ಯಾವ ಮುಖ ಇಟ್ಟುಕೊಂಡು ಅವಳಿಗೆ ಪಾಠ ಹೇಳಲಿ ಎಂಬ ಚಿಂತೆ ಅಂದೇ ಹತ್ತಿತು.

ಮನೆಯಲ್ಲಿ ನಾನು ಇನ್ನೊಂದು ತಪ್ಪು ಮಾಡಿದ್ದೆ. ಅವ್ವ, "ಸಂಜಿಕಿ ಎಲ್ಲಿ ಹೊಕ್ಕೀ?" ಎಂದಾಗ, "ಕ್ಲಾಸ್ ಐತಿ" ಎಂದಷ್ಟೇ ಹೇಳಿದ್ದೆ. ಅದು ಸುಳ್ಳಲ್ಲ. ಆದರೆ ಮಗ ಅಲ್ಲಿಯೂ ಕಲಿಸಲು ಹೋಗುತ್ತಾನೆಂದು ಅವ್ವ ತಿಳಿದುಕೊಂಡಳು, ಓಣಿಯಲ್ಲಿ ಹೇಳಿದಳು, ನಾನು ತಿದ್ದಲಿಲ್ಲ.

ನನ್ನ ಹೆಂಡತಿ ಶೈಲಾ ಲಕ್ಷ್ಮೇಶ್ವರದಲ್ಲಿ ಹೈಸ್ಕೂಲ್ ಮಾಸ್ತರಿಣಿ. ಮುಂಜಾನೆ ಎಂಟರ ಬಸ್ಸಿಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಹಾಗಾಗಿ ಸಂಜೆಯ ರೊಟ್ಟಿ ಎಪ್ಪತ್ತಾರು ವರ್ಷದ ಅವ್ವನದೇ. ಕ್ಲಾಸಿಲ್ಲದ ದಿನ ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಬೈಬಲನ್ನು ಗಟ್ಟಿಯಾಗಿ ಓದುತ್ತಿದ್ದೆ, ಗಟ್ಟಿಯಾಗಿ ಓದಿದರೆ ಮಾತ್ರ ನನಗೆ ನಿದ್ದೆ ಬರುವುದಿಲ್ಲ. ಅವ್ವ ಶ್ರಾವಣದಲ್ಲಿ ಪುರಾಣ ಕೇಳಿದ ಹಾಗೆಯೇ ಇದನ್ನೂ ಕೇಳುತ್ತಿದ್ದಳು. ಕಥೆ ಬಿಗಿಯಾದರೆ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತಿತ್ತು, ವಂಶಾವಳಿ ಬಂದರೆ ಜೋರಾಗುತ್ತಿತ್ತು.

ಅವಳ ಪ್ರಶ್ನೆಗಳು ಮಾತ್ರ ಓದು ಮುಂದೆ ಹೋಗಲು ಬಿಡುತ್ತಿರಲಿಲ್ಲ. ನೋಹನ ಹಡಗಿನ ಕಥೆ ಓದಿದೆ. "ಅಷ್ಟ ದನಾ, ಕುರಿ, ಆನಿ ಎಲ್ಲಾ ಹಡಗದಾಗ. ಸಗಣಿ ಬಳದಾಕಿ ಯಾರು?" ಎಂದಳು. ಬರೆದಿಲ್ಲ ಎಂದೆ. "ಅವನ ಹೇಂತಿ ಇದ್ಲಲ್ಲ. ಆಕಿ ಹೆಸರೇನ ನೋಡು." ನೋಡಿದೆ, ಹೆಸರೂ ಇರಲಿಲ್ಲ. ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಇನ್ನೊಂದು ದಿನ ಅಬ್ರಹಾಮನ ಮನೆಗೆ ಮೂವರು ಅತಿಥಿಗಳು ಬಂದರು. ಅವನು ಡೇರೆಯೊಳಗೆ ಓಡಿ ಹೋಗಿ, ಬೇಗ ಮೂರು ಅಳತೆ ಹಿಟ್ಟು ನಾದು ಎಂದು ಹೆಂಡತಿ ಸಾರಳಿಗೆ ಹೇಳಿದನಂತೆ. ಒಂದು ಅಳತೆ ಎಂದರೆ ಎಷ್ಟು ಎಂದು ಅವ್ವ ಕೇಳಿದಳು. ಸುಮಾರು ಒಂದು ಪುಟ್ಟಿ, ಅಂದರೆ ಒಂದು ಬುಟ್ಟಿ ತುಂಬ, ಎಂದು ಮೇಡಂ ಹೇಳಿದ್ದರು, ಅದನ್ನೇ ಹೇಳಿದೆ. "ಮೂರ ಮಂದಿಗೆ ಮೂರ ಪುಟ್ಟಿ. ಗಂಡಸ್ರು ಹೇಳೂ ಅಳತಿ ಅಂದ್ರ ಹಿಂಗ. ಹೇಳಾಂವ್ಗ ಬಾಯಿ ನೋಯೂದಿಲ್ಲ, ನಾದಾಕಿ ರಟ್ಟಿ ಬೀಳ್ತಾವ." ಮತ್ತೊಂದು ಸಂಜೆ ಅಕ್ಕತಂಗಿಯರ ಕಥೆ ಬಂತು. ಮನೆಗೆ ಬಂದ ಯೇಸುವಿನ ಮಾತು ಕೇಳುತ್ತ ತಂಗಿ ಮರಿಯಳು ಕೂತಳು, ಅಕ್ಕ ಮಾರ್ಥಳು ಒಬ್ಬಳೇ ಅಡುಗೆ ಮಾಡುತ್ತ ಸಿಟ್ಟಾದಳು, ಒಳ್ಳೆಯದನ್ನು ಆರಿಸಿಕೊಂಡವಳು ಮರಿಯಳೇ ಎಂದು ಯೇಸು ಹೇಳಿದ. ಅವ್ವ ಹಿಟ್ಟಿನ ಕೈ ಒರೆಸಿಕೊಂಡಳು. ಆಮೇಲೆ, "ಖರೆ ಐತಿ. ಕೇಳ್ಕೋತ ಕುಂಡ್ರೂದ ಚೊಲೊ. ಆದ್ರ ಇಬ್ರೂ ಕುಂತಿದ್ರ ಉಣ್ಣಾಕ ಏನ ನೀಡ್ತಿದ್ರು?" ಎಂದಳು. "ಇದು ಅಧ್ಯಾತ್ಮಬೇ" ಎಂದು ನಾನು ಪುಟ ತಿರುಗಿಸಿದೆ. ಬಿಸಿ ರೊಟ್ಟಿ ನನ್ನ ತಾಟಿಗೆ ಬಂದು ಬಿತ್ತು.

ಪರೀಕ್ಷೆ ದಸರೆಯ ಹತ್ತಿರದ ಒಂದು ಶನಿವಾರ ಸಂಜೆಗೆ ನಿಗದಿಯಾಯಿತು. ಬೈಬಲ್ ತೆರೆದಿಟ್ಟುಕೊಂಡು ಬರೆಯಬಹುದು, ಆದರೆ ಪ್ರತಿ ಮಾತಿಗೂ ಅಧ್ಯಾಯ, ವಚನದ ಸಂಖ್ಯೆ ಕೊಡಬೇಕು. ನಾನು ಪುಸ್ತಕದ ತುಂಬ ಬಣ್ಣಬಣ್ಣದ ಚೀಟಿ ಅಂಟಿಸಿ ತಯಾರಾದೆ. ತಲೆಯಲ್ಲಿ ಒಂದು ಸಂಖ್ಯೆಯನ್ನೂ ಇಟ್ಟುಕೊಳ್ಳಲಿಲ್ಲ, ಚೀಟಿಗಳಿರುವಾಗ ತಲೆಗೇಕೆ ತ್ರಾಸು.

ಶನಿವಾರ ಮಧ್ಯಾಹ್ನ ನೋಡುತ್ತೇನೆ, ಮೇಜಿನ ಮೇಲೆ ಪುಸ್ತಕವಿಲ್ಲ. ದೇವರ ಜಗಲಿಯ ಮೇಲೆ, ಹಸಿರು ಖಣದಲ್ಲಿ ಕಟ್ಟಿಸಿಕೊಂಡು, ಅರಿಷಿಣ ಕುಂಕುಮ ಹಚ್ಚಿಸಿಕೊಂಡು, ಚೆಂಡು ಹೂವು ಮುಡಿದು ಕೂತಿತ್ತು. ನನ್ನ ಅಜ್ಜ ಅಡರಕಟ್ಟಿಯಲ್ಲಿ ಸಾಲಿ ಮಾಸ್ತರರಾಗಿದ್ದವರು. ದಸರೆಯಲ್ಲಿ ಮೂರು ದಿನ ಪುಸ್ತಕ ಪೂಜೆಗಿಟ್ಟು, ಬನ್ನಿ ಕೊಟ್ಟು ಬಂದ ಮೇಲೆಯೇ ಬಿಚ್ಚಬೇಕೆಂಬ ಪದ್ಧತಿ ಅವರದು. ಅವ್ವ ಸೊಸೆಯಾಗಿ ಬಂದಾಗಿನಿಂದ ತಪ್ಪಿಸಿಲ್ಲ. ಪ್ರತಿವರ್ಷ ನನ್ನ ರಾಜ್ಯಶಾಸ್ತ್ರದ ದಪ್ಪ ಪುಸ್ತಕ ಇಡುತ್ತಿದ್ದಳು.

"ಅದನ್ಯಾಕ ಇಟ್ಟೀಬೇ? ನನ್ನ ಪುಸ್ತಕಾ ಇದ್ವಲ್ಲ" ಎಂದೆ.

"ದಿನಾ ಓದೂ ಪುಸ್ತಕಾ ಇಡಬೇಕಪಾ. ನಿನ್ನ ಪುಸ್ತಕದ ಮ್ಯಾಲಿನ ಧೂಳಾ ನಾನ ಒರಸೇನಿ."

"ಇವತ್ತ ಸಂಜಿಕಿ ಬೇಕಾಗೇತಿ."

"ಕಲಸಾಂವ್ಗ ಪುಸ್ತಕಾ ಯಾಕ ಬೇಕು? ನೀನ ಹೇಳ್ತಿದ್ದಿ, ನಾ ಪುಸ್ತಕಾ ಮುಟ್ಟಲಾರದ ಒಂದ ತಾಸ ಮಾತಾಡ್ತೇನಿ ಅಂತ."

ನಾನು ವಿದ್ಯಾರ್ಥಿ, ಇವತ್ತು ನನ್ನ ಪರೀಕ್ಷೆ ಎಂದು ಹೇಳಿದ್ದರೆ ಅವ್ವ ಬಹುಶಃ ಕೊಡುತ್ತಿದ್ದಳು. ಹೇಳಲು ಬಾಯಿ ಬರಲಿಲ್ಲ. ಓಣಿಯ ತುಂಬ ಹಬ್ಬಿದ ಕೀರ್ತಿಯನ್ನು ಕಾಪಾಡಲು ಬರಿಗೈಲೆ ಹೊರಟೆ. ಮೊಬೈಲಿನಲ್ಲಿ ನೋಡಿಕೊಂಡರಾಯಿತು ಎಂಬ ಧೈರ್ಯವಿತ್ತು. ಬಾಗಿಲಲ್ಲೇ ಮೇಡಂ ಬೆತ್ತದ ಬುಟ್ಟಿ ಹಿಡಿದು ಎಲ್ಲರ ಮೊಬೈಲುಗಳನ್ನು ಅದರಲ್ಲಿ ಹಾಕಿಸಿಕೊಳ್ಳುತ್ತಿದ್ದರು.

"ಸರ್, ನಿಮ್ಮ ಬೈಬಲ್?" ಎಂದು ಮೇಡಂ ಕೇಳಿದರು. ನಾನು ಹೇಳಬೇಕಾದ ವಾಕ್ಯ ಒಂದೇ ಇತ್ತು, ಅದನ್ನು ನಾನು ಮೊದಲೇ ಇನ್ನೊಬ್ಬರ ಬಾಯಲ್ಲಿ ಕೇಳಿದ್ದೆ. "ಮನ್ಯಾಗ ಪೂಜಿಗೆ ಇಟ್ಟಾರ್ರಿ" ಎಂದೆ. ರೇಣುಕಾ ತಿರುಗಿ ನೋಡಿದಳು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, "ನಾ ಈಗ ಹಳೇ ಪುಸ್ತಕಾ ಪೂಜಿಗೆ ಇಡ್ತೇನ್ರಿ ಸರ್, ಬೇಕಾದ್ದ ಕೈಯಾಗ ಇಟಗೋತೇನಿ. ಹ್ವಾದ ವರ್ಷ ಕಲತೆ" ಎಂದಳು. ನನಗೆ ನಿಜವಾಗಿ ನಾಚಿಕೆಯಾಯಿತು. ಇಪ್ಪತ್ತೆಂಟು ವರ್ಷದಲ್ಲಿ ನಾನು ಕಲಿಸಿದ್ದು ಒಬ್ಬರ ನೆನಪಿನಲ್ಲಾದರೂ ಉಳಿದಿದೆ ಎಂದು ಗೊತ್ತಾದದ್ದು ಹೀಗೆ.

ಮೇಡಂ ಸೊನ್ನೆ ಹಾಕಲಿಲ್ಲ. "ಕುಂಡ್ರಿ ಸರ್, ನೆನಪಿದ್ದಷ್ಟು ಬರೀರಿ" ಎಂದರು. ಪ್ರಶ್ನೆ ಒಂದೇ: ಮನೆವಾರ್ತೆ ಕಾಣಿಸುವ ಮೂರು ಪ್ರಸಂಗಗಳನ್ನು ಆರಿಸಿಕೊಂಡು ವಿವೇಚಿಸಿ. ನನಗೆ ನೆನಪಾದದ್ದು ವಚನಗಳಲ್ಲ, ರೊಟ್ಟಿಯ ಸಪ್ಪಳ. ಹಡಗಿನ ಸಗಣಿ, ಮೂರು ಪುಟ್ಟಿ ಹಿಟ್ಟು, ಇಬ್ಬರೂ ಕೂತರೆ ಉಣ್ಣಲು ಏನು ಎಂಬ ಪ್ರಶ್ನೆ, ಎಲ್ಲವನ್ನೂ ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿ ಎಂಟು ಪುಟ ಬರೆದೆ.

ಐವತ್ತಕ್ಕೆ ರೇಣುಕಾಗೆ ನಲವತ್ತನಾಲ್ಕು, ನನಗೆ ಮೂವತ್ತು. ಸಂಖ್ಯೆಗಳಿಲ್ಲದ್ದಕ್ಕೆ ಅಂಕ ಕಡಿತ, ಆದರೆ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು: ಇಂಥ ಪ್ರಶ್ನೆಗಳನ್ನು ನನ್ನ ಕ್ಲಾಸಿನಲ್ಲಿ ಇದುವರೆಗೆ ಯಾರೂ ಕೇಳಿಲ್ಲ. ಮೇಡಂ ಅವನ್ನು ಎಲ್ಲರಿಗೂ ಓದಿ ಹೇಳಿ, ಹೇಗೆ ಹೊಳೆದವು ಎಂದು ಕೇಳಿದರು. ನಾನು ನಾಚಿದವನಂತೆ ತಲೆ ತಗ್ಗಿಸಿ, "ಓದಿಕೋತ ಕುಂತಾಗ ಹೊಳದ್ವುರಿ" ಎಂದೆ. ದೇವರಾಣೆ ಹಾಗೆಯೇ ಅಂದೆ.

"ಅಳತಿ ಹೆಚ್ಚಾತು ಅಂತ ಬರದೀರಿ. ಹಂಗಾರ ಮೂರ ಮಂದಿಗೆ ರೊಟ್ಟಿ ಮಾಡಾಕ ಎಷ್ಟ ಹಿಟ್ಟ ಬೇಕ್ರಿ ಸರ್?" ಎಂದರು ಮೇಡಂ.

ಸ್ವಲ್ಪ ಯೋಚಿಸಿ, "ಮೂರ ಕಿಲೋ" ಎಂದೆ.

ಈ ಸಲ ರೇಣುಕಾ ನಕ್ಕಳು. ಇಡೀ ಕ್ಲಾಸು ನಕ್ಕಿತು. ಗುಟ್ಟು ಹೊರಬಿದ್ದ ಮೇಲೆ ಮುಚ್ಚಿಡುವುದೇನು ಉಳಿಯಿತು? ಅವ್ವನ ಹೆಸರು ಹೇಳಿದೆ. ಹೊರಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ರೇಣುಕಾಗೂ, "ಹ್ವಾದ ವರ್ಷ ನಂದ ತಪ್ಪಾತವಾ" ಎಂದೆ. ಅವಳು, "ಇರಲಿ ಬಿಡ್ರಿ ಸರ್, ನಿಮಗ ಮೂವತ್ತರ ಬಂದಾವಲ್ಲ" ಎಂದು ಸಮಾಧಾನ ಮಾಡಿದಳು.

ಮೇಡಂ ಅವ್ವನನ್ನು ಕರೆದುಕೊಂಡು ಬರಲು ಹೇಳಿದ್ದರು, ಪರೀಕ್ಷೆ ಬೇಡ, ಸುಮ್ಮನೆ ಕೂತು ಕೇಳಲಿ ಎಂದು. ಮನೆಗೆ ಬಂದು ನಾನು ವಿದ್ಯಾರ್ಥಿಯೆಂಬ ಸಂಗತಿಯನ್ನೂ ಸೇರಿಸಿ ಎಲ್ಲ ಹೇಳಿದೆ. ಅವ್ವನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಕಲಸಾಂವ ಅಷ್ಟ ಚೀಟಿ ಹಚ್ಚೂದಿಲ್ಲ ಅಂತ ಗೊತ್ತಿತ್ತು" ಎಂದಳು. "ಗೊತ್ತಿದ್ರ ಪುಸ್ತಕಾ ಯಾಕ ಕೊಡ್ಲಿಲ್ಲ?" ಎಂದರೆ, "ನೀ ಪರೀಕ್ಷಾ ಅಂತ ಬಾಯಿ ಬಿಡಲಿ ಅಂತ ಹಾದಿ ನೋಡಿದೆ" ಎಂದಳು. ಕ್ಲಾಸಿನ ಮಾತಿಗೆ ಮಾತ್ರ ಅವಳ ಕಣ್ಣು ಅರಳಿದವು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಡಿಸಿದ್ದರಂತೆ, ಆಮೇಲೆ ಬೆಂಚಿನ ಮೇಲೆ ಕೂತೇ ಇಲ್ಲ. ಮರುಕ್ಷಣ ಮುಖ ಸಣ್ಣದು ಮಾಡಿ, "ನಾ ಹ್ವಾದ್ರ ಸಂಜಿಕಿ ರೊಟ್ಟಿ ಬಡಿಯಾವರು ಯಾರು?" ಎಂದಳು.

ಶೈಲಾ ತಿದ್ದುತ್ತಿದ್ದ ಪೇಪರುಗಳಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಅವ್ವನೂ ನೋಡಿದಳು. ನಾನು ಎಂಟು ಪುಟ ವಿವೇಚಿಸಿದ್ದ ಪ್ರಶ್ನೆ ಅದು, ಈಗ ಎದ್ದು ಹೋಗಿ ಹಿಟ್ಟಿನ ಡಬ್ಬಿ ಹುಡುಕಿದೆ.

ಈಗ ಮಂಗಳವಾರ ಮತ್ತು ಶನಿವಾರ ಅವ್ವ ಆಟೋದಲ್ಲಿ ಕ್ಲಾಸಿಗೆ ಹೋಗುತ್ತಾಳೆ, ರೇಣುಕಾಳ ಪಕ್ಕದಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಾಳಂತೆ. ನನ್ನ ಕೋರ್ಸು ಸದ್ಯಕ್ಕೆ ನಿಂತಿದೆ. ಸ್ಟಾಫ್ ರೂಮಿನಲ್ಲಿ ಕೇಳಿದರೆ ಮನೆಯಲ್ಲೇ ಪ್ರಾಯೋಗಿಕ ಅಧ್ಯಯನ ನಡೆದಿದೆ ಎನ್ನುತ್ತೇನೆ. ನನ್ನ ರೊಟ್ಟಿಗಳು ಒಂದೊಂದು ಒಂದೊಂದು ತಾಲ್ಲೂಕಿನ ನಕ್ಷೆಯಂತೆ ಆಗುತ್ತವೆ, ಮೊನ್ನೆಯದು ಥೇಟ್ ಶಿರಹಟ್ಟಿ. ಅವ್ವ ಬಂದವಳೇ ಹೊಸ್ತಿಲಲ್ಲಿ ನನ್ನ ಕುರ್ಚಿಯ ಮೇಲೆ ಕೂತು ಅಂದಿನ ಪಾಠ ಹೇಳುತ್ತಾಳೆ. ಮೊನ್ನೆ ಅಣ್ಣಂದಿರೇ ತಮ್ಮನನ್ನು ಬಾವಿಗೆ ನೂಕಿದ ಕಥೆ. ತಮ್ಮ ಇನ್ನೂ ಬಾವಿಯೊಳಗಿದ್ದ, ದೂರದಿಂದ ಒಂಟೆಗಳು ಬರುತ್ತಿದ್ದವು, ಅಷ್ಟರಲ್ಲಿ ಅವ್ವ ಕಥೆ ನಿಲ್ಲಿಸಿದಳು.

"ಮುಂದೇನಾತಬೇ?" ಎಂದೆ, ಕೈಯಲ್ಲಿದ್ದ ಹಿಟ್ಟನ್ನೂ ಮರೆತು.

"ಮೊದ್ಲ ರೊಟ್ಟಿ ತಿರುವು" ಎಂದಳು ಅವ್ವ, "ಹೊತ್ತಾಕತ್ತೈತಿ."