ಅಂಟಿಸಿದ್ದನ್ನು ಕಿತ್ತು ನೋಡುವವರು

ನಮ್ಮ ಹುಣಸೂರು ಕಡೆಯವರ ಅನುಮಾನಕ್ಕೆ ಮದ್ದಿಲ್ಲ. ಎದುರಿಗೇ ಹಾಲು ಕರೆದುಕೊಟ್ಟರೂ, ಹಸುವಿಗೆ ಮೊದಲೇ ನೀರು ಕುಡಿಸಿದ್ದೀಯ ಅನ್ನುವ ಜನ. ಇಂಥವರ ನಡುವೆ ನಾನು ಕಾರಿನ ಮೈಗೆಲ್ಲ ಬಣ್ಣದ ವಿನೈಲ್ ಹಾಳೆ ಅಂಟಿಸುವ ಅಂಗಡಿ ತೆರೆದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಅದುವರೆಗೆ ಆಟೋ, ಟೆಂಪೋಗಳ ಮೇಲೆ ದೇವರ ಹೆಸರು ಬರೆದು ಬದುಕಿದ್ದವನು ನಾನು. ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಮಾತು: ‘ಇದನ್ನ ನಾವೇ ಅಂಟಿಸ್ಕಂಡ್ರೆ ಆಗಾಕಿಲ್ವಾ?’ ಎಲ್ಲರೂ ತಾವೇ ಅಂಟಿಸಿಕೊಂಡರೆ ನನ್ನ ಅಂಗಡಿಯ ಗತಿ ಏನು? ಆ ಹೆದರಿಕೆಯಲ್ಲೇ ದಿನ ದೂಡುತ್ತಿದ್ದ ಕಾಲದ ಪ್ರಸಂಗಗಳಿವು.

ನೋಡಿ ಕಲಿತ ಮೇಷ್ಟ್ರು

ಬಿಳಿಕೆರೆಯ ನಿವೃತ್ತ ಮೇಷ್ಟ್ರೊಬ್ಬರು ದಿನಾ ಬಂದು ಅಂಗಡಿ ಮುಂದಿನ ಸ್ಟೂಲಿನ ಮೇಲೆ ಕೂರುತ್ತಿದ್ದರು. ಪೇಪರ್ ಓದುವುದು ನೆಪ, ಕಣ್ಣೆಲ್ಲ ನನ್ನ ಕೈ ಮೇಲೆ. ಹಾಳೆಗೆ ಬಿಸಿಗಾಳಿ ಯಾಕೆ ಹಿಡಿಯುತ್ತೀ, ಗುಳ್ಳೆ ಎದ್ದರೆ ಏನು ಮಾಡುತ್ತೀ ಎಂದು ಏನೂ ಅರಿಯದವರಂತೆ ಕೇಳುತ್ತಿದ್ದರು. ನಾನೂ ಗಿರಾಕಿ ಸಿಕ್ಕರೆಂದು ಕಾಫಿ ತರಿಸಿಕೊಟ್ಟೆ. ಎಲ್ಲ ಕಲಿತ ಮೇಲೆ ಹಾಳೆ ಮಾತ್ರ ಕೊಂಡು ಹೊರಟುಹೋದರು.

ಮುಂದಿನ ವಾರ ಅವರ ವ್ಯಾನು ಬಂದು ಅಂಗಡಿ ಮುಂದೆ ನಿಂತಿತು. ನೀಲಿ ಹಾಳೆ ಫಳಫಳ ಹೊಳೆಯುತ್ತಿತ್ತು, ಎಲ್ಲೂ ಒಂದು ಗುಳ್ಳೆಯಿಲ್ಲ. ನನಗೆ ಹೊಟ್ಟೆ ಉರಿಯಿತು. ಆದರೆ ಮೇಷ್ಟ್ರು ಇಳಿಯಲೇ ಇಲ್ಲ. ಸೀಟಿನಿಂದ ಸೀಟಿಗೆ ದಾಟಿ, ನನ್ನ ಕೈಲಿ ಹಿಂದಿನ ಬಾಗಿಲು ತೆಗೆಸಿಕೊಂಡು, ಪಂಚೆ ಎತ್ತಿ ಹಿಡಿದು ಹೊರಬಂದರು. ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಒಂದೇ ಹಾಳೆ ಎಳೆದು, ಎರಡೂ ಕಡೆಯ ಬಾಗಿಲುಗಳನ್ನು ಸೇರಿಸಿಯೇ ಅಂಟಿಸಿಬಿಟ್ಟಿದ್ದರು. ಅಷ್ಟು ಚೆನ್ನಾಗಿ ಬಂದದ್ದನ್ನು ಹರಿಯಲು ಮನಸ್ಸಾಗದೆ ಹಿಂದಿನಿಂದಲೇ ಹತ್ತಿ ಇಳಿಯುತ್ತಿದ್ದರಂತೆ.

ಬಾಗಿಲ ಸಂದಿಯಲ್ಲಿ ಕತ್ತರಿಸಬೇಕಿತ್ತಲ್ಲ ಸಾರ್ ಎಂದೆ. ಮೇಷ್ಟ್ರು ನನ್ನನ್ನು ಕೆಕ್ಕರಿಸಿ ನೋಡಿ, ‘ವಿದ್ಯೆ ಹೇಳ್ಕೊಡುವಾಗ ಅರ್ಧ ಬಚ್ಚಿಟ್ಕೋಬಾರ್ದು ಕಣಯ್ಯ’ ಎಂದರು.

ಕಾವಲಿಗೆ ಬಂದ ಮಾವ

ಕೆ.ಆರ್. ನಗರದ ಅಕ್ಕಿ ವ್ಯಾಪಾರಿಯೊಬ್ಬ ಕಾರನ್ನು ನನ್ನಲ್ಲಿ ಬಿಟ್ಟುಹೋಗಲು ಹೇಗೋ ಒಪ್ಪಿದ. ಆದರೆ ಕಾರಿನ ಜೊತೆಗೆ ಹೆಂಡತಿಯ ತಂದೆಯನ್ನೂ ಬಿಟ್ಟುಹೋದ. ಮೆಕ್ಯಾನಿಕ್ಕುಗಳು ಒಳ್ಳೆ ಬ್ಯಾಟರಿ ಬಿಚ್ಚಿ ಹಳೇದು ಕೂರಿಸುತ್ತಾರೆಂದು ಯಾರೋ ಅವರ ಕಿವಿ ಊದಿದ್ದರಂತೆ. ನಾನು ಮೆಕ್ಯಾನಿಕ್ಕಲ್ಲ, ಸ್ಟಿಕರಿನವನು ಎಂದೆ. ಎಲ್ಲ ಒಂದೇ ಜಾತಿ ಎಂದು ಆ ಯಜಮಾನರು ಕಾರೊಳಗೆ ಕೂತುಬಿಟ್ಟರು.

ಹಾಳೆ ಕೂರಿಸಲು ಚಿಮುಕಿಸುವ ಸೋಪಿನ ನೀರು ಸಿಡಿಯದಿರಲೆಂದು ಕಿಟಕಿಗಳ ಚೌಕಟ್ಟಿಗೆ ಹಳೇ ಪೇಪರ್ ಅಂಟಿಸಿದೆ. ಅವರು ಗಾಜು ಇಳಿಸಿ, ಪೇಪರಿಗೆ ಬೆರಳಲ್ಲಿ ತೂತು ಮಾಡಿ, ಆ ತೂತಿನಲ್ಲಿ ಕಣ್ಣಿಟ್ಟರು. ನಾನು ಯಾವ ಕಡೆ ಹೋದರೂ ಆ ಕಡೆಯ ತೂತಿನಲ್ಲಿ ಒಂದು ಕಣ್ಣು. ಊಟಕ್ಕೂ ಇಳಿಯಲಿಲ್ಲ. ಮುದ್ದೆ ತರಿಸಿ ಒಳಗೇ ಉಂಡರು.

ಸಂಜೆ ಅಳಿಯ ಬಂದ. ಬ್ಯಾಟರಿ ಇತ್ತು, ಸ್ಟೆಪ್ನಿ ಇತ್ತು, ಟೇಪ್ ರೆಕಾರ್ಡರೂ ಇತ್ತು. ಯಜಮಾನರು ಗೆದ್ದ ಮುಖ ಮಾಡಿಕೊಂಡು ಕಾಲು ಹೊರಗಿಟ್ಟರು. ಕಾರಿನೊಳಗೆ ಮಣ್ಣಾಗಬಾರದೆಂದು ಕೆಳಗೆ ಬಿಟ್ಟಿದ್ದ ಅವರ ಹೊಸ ಚಪ್ಪಲಿ ಮಾತ್ರ ಇರಲಿಲ್ಲ. ಅವರು ಮೊದಲು ನೋಡಿದ್ದು ನನ್ನ ಕಾಲನ್ನು.

ನಂಬಿದ ಗಿರಾಕಿ

ಬೀಚನಹಳ್ಳಿಯಿಂದ ಒಬ್ಬ ಯುವಕ ಬಂದ. ಕಾರು ನಿಲ್ಲಿಸಿ, ಕೀಲಿ ನನ್ನ ಕೈಗೆ ಹಾಕಿ, ನಿಮಗೆ ತೋಚಿದ ಬಣ್ಣ ಹಾಕಿ ಎಂದು ಬಸ್ಸು ಹತ್ತಿಬಿಟ್ಟ. ರೇಟು ಕೇಳಲಿಲ್ಲ, ಹಾಳೆ ಮುಟ್ಟಿ ನೋಡಲಿಲ್ಲ. ನಮ್ಮ ಸೀಮೆಯಲ್ಲಿ ಇಷ್ಟು ನಂಬುವವನು ಒಳ್ಳೆಯವನಾಗಿರಲು ಸಾಧ್ಯವೇ? ಕದ್ದ ಕಾರಿರಬೇಕೆಂದು ಡಿಕ್ಕಿ ತೆಗೆದು ನೋಡಿದೆ, ಸೀಟಿನ ಕೆಳಗೆ ತಡಕಾಡಿದೆ. ಏನೂ ಸಿಗದಿದ್ದುದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

ಅವನು ತಿರುಗಿ ಬಂದಾಗ ತಡೆಯಲಾರದೆ, ಅದು ಹೇಗಪ್ಪಾ ನನ್ನನ್ನು ಇಷ್ಟು ನಂಬಿದೆ ಎಂದು ಕೇಳಿಯೇಬಿಟ್ಟೆ.

‘ಕಾರು ನಂದಲ್ವಲ್ಲಣ್ಣ, ನಮ್ ಭಾವುಂದು’ ಎಂದ.

ಹೆಣ್ಣು ನೋಡಲು ಹೊರಟ ಅಂಬಾಸಿಡರ್

ಪಿರಿಯಾಪಟ್ಟಣದ ಕಡೆಯ ಗೌಡರೊಬ್ಬರು ಹಳೇ ಅಂಬಾಸಿಡರ್ ತಂದರು. ಮೈಯೆಲ್ಲ ತೇಪೆ, ತೇಪೆಗೊಂದು ಬಣ್ಣ. ಮಗನಿಗೆ ಹೆಣ್ಣು ನೋಡಲು ಎಚ್.ಡಿ. ಕೋಟೆ ಕಡೆ ಹೋಗಬೇಕಿತ್ತು. ಹಿಂದಿನ ಸಂಬಂಧಗಳು ತಪ್ಪಿದ್ದು ಈ ಕಾರಿನ ಮುಖ ನೋಡಿಯೇ ಎಂದು ಅವರ ನಂಬಿಕೆ. ಹುಡುಗನ ವಯಸ್ಸೂ ಮೀರುತ್ತಿತ್ತು. ‘ಇದೂ ಮುರಿದೋದ್ರೆ ನೀನು ಮತ್ತೆ ಅಂಗಡಿ ಬಾಗ್ಲು ತೆಗೀತೀನಿ ಅನ್ಕಬ್ಯಾಡ’ ಎಂದರು.

ಇದ್ದ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಬಿಳಿ ಹಾಳೆ ಹೊದಿಸಿದೆ. ಕಾರು ಮದುಮಗನಿಗಿಂತ ಚೆನ್ನಾಗಿ ಕಂಡಿತು. ಆದರೂ ಗೌಡರಿಗೆ ದಾರಿಯಲ್ಲಿ ಅಂಟು ಬಿಟ್ಟರೆ ಎಂಬ ಅನುಮಾನ. ನನ್ನನ್ನೂ ಹಿಂದಿನ ಸೀಟಿಗೆ ತಳ್ಳಿದರು. ಯಾರಾದರೂ ಕೇಳಿದರೆ ಹುಡುಗನ ಸೋದರಮಾವ ಅನ್ನಬೇಕೆಂದು ಅಪ್ಪಣೆಯಾಯಿತು.

ಹೆಣ್ಣಿನ ತಂದೆ ಹೊಗೆಸೊಪ್ಪು ಬೆಳೆಯುವವರು. ಹರಾಜಿಗೆ ಹೊಗೆಸೊಪ್ಪಿನ ಬೇಲು, ಅಂದರೆ ದೊಡ್ಡ ಪಿಂಡಿ, ಕಟ್ಟುವಾಗ ಕೆಲವರು ಮೇಲೆ ಒಳ್ಳೆ ಎಲೆ ಇಟ್ಟು ನಡುವೆ ಕಳಪೆ ಎಲೆ ತುಂಬುತ್ತಾರೆ. ಕೊಳ್ಳುವವರೇನು ಕಮ್ಮಿಯೇ? ಮೇಲಿನ ಎಲೆ ನೋಡುವುದೇ ಇಲ್ಲ, ಬೇಲಿನ ಹೊಟ್ಟೆಗೆ ಕೈ ತೂರಿಸಿ ಒಂದು ಹಿಡಿ ಎಳೆದು ನೋಡುತ್ತಾರೆ. ಇದನ್ನು ವರ್ಷವರ್ಷವೂ ಕಂಡ ಮನುಷ್ಯನ ಅಂಗಳದಲ್ಲಿ ನಮ್ಮ ಕಾರು ನಿಂತಿತ್ತು.

ಉಪ್ಪಿಟ್ಟು, ಕೇಸರಿಬಾತು ಆಯಿತು, ಸೋದರಮಾವನೆಂದು ನನಗೂ ಉಪಚಾರ ನಡೆಯಿತು. ಹುಡುಗ ಒಪ್ಪಿದ, ಹುಡುಗಿಯೂ ತಲೆಯಾಡಿಸಿದಳು. ಕಳಿಸಿಕೊಡಲು ಎಲ್ಲರೂ ಅಂಗಳಕ್ಕೆ ಬಂದರು. ಹೆಣ್ಣಿನ ತಂದೆ ಕಾರಿನ ಸುತ್ತ ಒಂದು ಸುತ್ತು ಹಾಕಿ ಪೆಟ್ರೋಲ್ ಮುಚ್ಚಳದ ಹತ್ತಿರ ನಿಂತರು. ಅಂಚಿಗೆ ಉಗುರು ಹಾಕಿ, ಬೇಲಿನಿಂದ ಎಲೆ ಎಳೆದಂತೆ ಎಳೆದೇಬಿಟ್ಟರು. ಮೊಳದುದ್ದ ಹಾಳೆ ಕೈಗೆ ಬಂತು. ಕೆಳಗೆ ಹಸಿರು, ಹಸಿರಿನ ಕೆಳಗೆ ತುಕ್ಕು, ತುಕ್ಕಿನ ನಡುವೆ ತೂತು. ತೂತಿಗೆ ಬೆರಳು ಹಾಕಿಯೂ ನೋಡಿದರು.

ಹುಡುಗ ನೆಲ ನೋಡುತ್ತ ನಿಂತ. ನನ್ನ ಅಂಗಡಿ ಮುಚ್ಚಿದಂತೆಯೇ ಎಂದು ನನಗೆ ಖಾತ್ರಿಯಾಯಿತು. ಇದನ್ನು ಅಂಟಿಸಿದವರು ಯಾರು ಎಂದು ಹೆಣ್ಣಿನ ತಂದೆ ಕೇಳಿದರು. ಮಗನ ಸೋದರಮಾವನೇ ಸ್ಟಿಕರಿನವನು ಎಂದು ಗೌಡರು ಹೇಗೆ ಹೇಳಿಯಾರು? ದಾರಿ ಕಾಣದೆ ‘ನಾನೇ’ ಎಂದುಬಿಟ್ಟರು. ನನ್ನ ಕೈಕೆಲಸ ಅವರ ಪಾಲಾಯಿತು, ನಾನು ಬಾಯಿ ಬಿಡುವಂತಿರಲಿಲ್ಲ.

ಹೆಣ್ಣಿನ ತಂದೆ ಹಾಳೆಯನ್ನು ನಿಧಾನವಾಗಿ ಸವರಿ ಮತ್ತೆ ಅಂಟಿಸಿದರು. ಆಮೇಲೆ ಗೌಡರ ಎರಡೂ ಕೈ ಹಿಡಿದುಕೊಂಡರು.

‘ನಾನೂ ಇಷ್ಟ್ ವರ್ಸದಿಂದ ಬೇಲ್ ಕಟ್ತಾವ್ನಿ ಕಣ್ರೀ, ಪ್ರತಿ ಹರಾಜಲ್ಲೂ ಸಿಕ್ಕಾಕಂತೀನಿ. ನಿಮ್ದು ಕಿತ್ತು ನೋಡೋಗಂಟ ನಂಗೇ ಗೊತ್ತಾಗ್ನಿಲ್ಲ. ಹುಡ್ಗೀನ ಕೊಟ್ಟಂಗೇ ಅನ್ಕಳಿ. ಈ ಸಲ ನಮ್ ಬೇಲ್‌ಗಳ್ನ ಮಾತ್ರ ಬೀಗ್ರೇ ಬಂದು ಕಟ್ಕೊಡಬೇಕು.’