ಅರುಂಧತಿಯವರೆಗೆ ಹೋಗುವ ಲೇಸರ್

ನನ್ನ ಸೋದರಮಾವನಿಗೆ ಮದುವೆಯಾಗಿ ನಲವತ್ತೊಂದು ವರ್ಷವಾಯಿತೆಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಮಾವನನ್ನೇ ಕೇಳಿ. "ಇನ್ನೂ ಪೂರ್ತಿ ಆಗಿಲ್ಲ ಕಣ್ಲಾ, ಒಂದ್ ಶಾಸ್ತ್ರ ಬಾಕಿ ಐತೆ" ಅನ್ನುತ್ತಾರೆ. ಇಬ್ಬರು ಮಕ್ಕಳಾಗಿ, ಮೊಮ್ಮಗಳು ಶಾಲೆಗೆ ಹೋಗುತ್ತಿರುವಾಗ ಬಾಕಿ ಉಳಿಯುವಂಥ ಶಾಸ್ತ್ರ ಯಾವುದಿದ್ದೀತು?

ಇದೆಲ್ಲ ಶುರುವಾದದ್ದು ಕಳೆದ ಬೇಸಿಗೆಯಲ್ಲಿ, ಬಂಗಾರಪೇಟೆಯ ಛತ್ರವೊಂದರಲ್ಲಿ ನಡೆದ ನೆಂಟರ ಮದುವೆಯಲ್ಲಿ. ಪುರೋಹಿತರು ಹನ್ನೊಂದು ಗಂಟೆಯ ಬಿಸಿಲಿಗೆ ಹೆಣ್ಣು ಗಂಡನ್ನು ಹೊರಗೆ ಕರೆತಂದು, ನೀರಿನ ಟ್ಯಾಂಕಿನ ಮೇಲುಗಡೆ ಬೆರಳು ತೋರಿಸಿ, "ಅರುಂಧತಿ ಕಂಡಳೇನಮ್ಮಾ?" ಎಂದರು. ಹುಡುಗಿ ಕಣ್ಣು ಕಿರಿದು ಮಾಡಿ ತಲೆಯಾಡಿಸಿದಳು. ಹಗಲು ಹೊತ್ತಿನಲ್ಲಿ ನಕ್ಷತ್ರ ಕಾಣಬೇಕಾದರೆ ಯಾರಾದರೂ ಕೆನ್ನೆಗೆ ಬಾರಿಸಬೇಕಷ್ಟೆ! ಪಕ್ಕದಲ್ಲಿದ್ದ ಅತ್ತೆ ನನ್ನ ಕಿವಿಯಲ್ಲಿ ಅಂದರು: "ನಾನೂ ಇಂಗೇ ತಲೆ ಆಡಿಸ್ದೋಳು ಕಣಪ್ಪ. ಏನೂ ಕಂಡಿರ್ಲಿಲ್ಲ. ಊಟಕ್ಕೆ ಒತ್ತಾಗಿತ್ತು."

ಮಾವ ಹಿಂದೆಯೇ ನಿಂತಿದ್ದರು. "ಅಂಗಾದ್ರೆ ಇಷ್ಟ್ ವರ್ಸದಿಂದ ಸುಳ್ ಸಾಕ್ಷಿ ಮ್ಯಾಲೆ ಸಂಸಾರ ನಡೀತಾ ಐತೆ" ಎಂದರು. ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಮಾವನ ಮುಖ ನಿಜವಾಗಿಯೂ ಸಣ್ಣಗಾಗಿತ್ತು. ಅವತ್ತು ಒಬ್ಬಟ್ಟನ್ನೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ಅಂದರೆ ವಿಷಯ ಗಂಭೀರ ಎಂದೇ ಅರ್ಥ.

ಕೆಜಿಎಫ್‌ನ ಚಿನ್ನದ ಗಣಿ ಮುಚ್ಚುವವರೆಗೆ ಮಾವ ಭೂಮಿಯ ಕೆಳಗೆ ದುಡಿದವರು. ಹೆಂಡತಿಗೆ ಆಕಾಶ ತೋರಿಸುವಷ್ಟು ಪುರುಸೊತ್ತು ಆ ಕಾಲದಲ್ಲಿ ಎಲ್ಲಿತ್ತು? ಈಗ ನಕ್ಷತ್ರಗಳ ಪುಸ್ತಕವೊಂದನ್ನು ತಂದು, ಉರಿಗಾಂ ಹತ್ತಿರದ ತಮ್ಮ ಮನೆಯ ತಾರಸಿಯ ಮೇಲೆ ಅತ್ತೆಯನ್ನು ದಿನಾ ಸಂಜೆ ನಿಲ್ಲಿಸತೊಡಗಿದರು. ಉತ್ತರಕ್ಕೆ ಸಪ್ತರ್ಷಿಗಳು, ಬಾಲದ ನಡುವಿನವನು ವಸಿಷ್ಠ, ಅವನ ಪಕ್ಕದಲ್ಲಿ ಪುಟ್ಟದಾಗಿ ಅರುಂಧತಿ. ಮಾವ ಬೆರಳು ಚಾಚಿದರೆ ಅತ್ತೆ ನೋಡುತ್ತಿದ್ದುದು ಬೆರಳನ್ನೇ. "ಮೊದ್ಲು ಆ ಉಗುರು ಕತ್ತರಿಸ್ಕೊಳ್ಳಿ" ಎಂಬುದು ಮೊದಲ ದಿನದ ಫಲಿತಾಂಶ.

ಬೆರಳಿನ ಕೈಲಾಗದ್ದನ್ನು ಲೇಸರ್ ಮಾಡುತ್ತದೆಂದು ಯಾರೋ ಹೇಳಿದರು. ಮೊದಲು ತಂದದ್ದು ಕೀಗೊಂಚಲಿನ ಕೆಂಪು ದೀಪ. ಗೋಡೆಯ ಮೇಲೆ ಚುಕ್ಕಿ ಚೆನ್ನಾಗಿಯೇ ಬಿತ್ತು, ಆಕಾಶಕ್ಕೆ ಹಿಡಿದರೆ ಏನೂ ಇಲ್ಲ. ಅದರಿಂದ ಉಪಯೋಗವಾದದ್ದು ಪಕ್ಕದ ಮನೆಯ ಬೆಕ್ಕಿಗೆ ಮಾತ್ರ. ಹಸಿರಾದರೆ ಗೆರೆ ಎಳೆದ ಹಾಗೆ ಕಾಣುತ್ತದೆಂದು ತಿಳಿದು, ನನ್ನನ್ನೂ ಎಳೆದುಕೊಂಡು ರಾಬರ್ಟ್‌ಸನ್‌ಪೇಟೆಗೆ ಹೋದರು.

"ಇದು ಐದು ಕಿಲೋಮೀಟರ್ ಓಗ್ತದೆ ಸಾರ್" ಎಂದ ಅಂಗಡಿಯವನು.

"ನಂಗೆ ಅರುಂಧತಿಗಂಟ ಓಗ್ಬೇಕು."

"ಅದ್ ಯಾವೂರು ಸಾರ್, ಕುಪ್ಪಂ ದಾಟಿ ಐತಾ?"

ಮಾವನಿಗೆ ಸಿಟ್ಟು ಬರಲಿಲ್ಲ. ಬೆಂಕಿಕಡ್ಡಿ ಹೊತ್ತಿಸುವಷ್ಟು ಜೋರಿನ ಇನ್ನೊಂದನ್ನು ಅವನು ತೆಗೆದಾಗ ಮಾತ್ರ ಮುಖ ಗಂಟಿಕ್ಕಿದರು. "ನಕ್ಷತ್ರ ತೋರ್ಸಕ್ಕೆ ಬೇಕಪ್ಪ, ಬೀಡಿ ಅಚ್ಚಕ್ಕಲ್ಲ. ಕಣ್ಣಿಗ್ ಬಿದ್ರೆ ಕಣ್ಣೇ ಓಯ್ತದೆ." ಕೊನೆಗೆ ಇದ್ದುದರಲ್ಲೇ ಸಾಧುವಾದದ್ದನ್ನು ಆರಿಸಿದರು. ಗಣಿಯೊಳಗೆ ತಲೆಯ ದೀಪವನ್ನು ಇನ್ನೊಬ್ಬನ ಮುಖಕ್ಕೆ ಬಿಡುವುದು ಮಹಾ ಅಪರಾಧವಂತೆ. ಆ ಕಾನೂನು ಈಗ ತಾರಸಿಯಲ್ಲೂ ಜಾರಿಗೆ ಬಂತು. ವಿಮಾನದ ದೀಪವೊಂದು ಮಿನುಗಿದರೂ ಸಾಕು, ಲೇಸರ್ ಬಂದ್. ಬೆಂಗಳೂರಿಗೆ ಬರುವ ವಿಮಾನಗಳು ಕಡಿಮೆಯೇ? ಆಕಾಶ ಖಾಲಿಯಾಗುವಷ್ಟರಲ್ಲಿ ಅತ್ತೆ ಕೆಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬಂದಿರುತ್ತಿದ್ದರು.

ನಡುವೆ ಒಂದು ಪ್ರಮಾದವೂ ನಡೆಯಿತು. ಅತ್ತೆಯ ತವರು ಬೂದಿಕೋಟೆ ಕಡೆ, ಮನೆಮಾತು ತೆಲುಗು. ಊರಿನಿಂದ ಅವರ ತಂಗಿ ಫೋನ್ ಮಾಡಿದಾಗ ಅತ್ತೆ, "ಬಾವ ಮೇಡ ಮೀದ ಚುಕ್ಕ ಕೋಸಂ ಕೂರ್ಚುನ್ನಾರು" ಎಂದರು. ಭಾವ ಮಹಡಿ ಮೇಲೆ ಚುಕ್ಕಿಗಾಗಿ ಕೂತಿದ್ದಾರೆ ಎಂದಷ್ಟೇ ಅರ್ಥ. ಆದರೆ ತೆಲುಗಿನಲ್ಲಿ ಚುಕ್ಕ ಅಂದರೆ ನಕ್ಷತ್ರವೂ ಹೌದು, ಬಾಟಲಿಯ ಹನಿಯೂ ಹೌದು. ಮರುದಿನ ಮೊದಲ ಬಸ್ಸಿಗೇ ತಂಗಿ ಹಾಜರು. "ಈ ವಯಸ್ಸಲ್ಲಿ ಇದೆಲ್ಲ ಬೇಕಾ ಬಾವ?" ಎಂದು ಕಣ್ಣೀರು ಹಾಕಿದರು. ಮಾವನಿಗೆ ಏನೂ ಗೊತ್ತಿಲ್ಲ. ಸಮಾಧಾನ ಮಾಡಲು, "ಅಳ್ಬೇಡಮ್ಮ, ಸಂಜೆಗಂಟ ಇರು, ನಿಂಗೂ ಒಂದ್ ತೋರಿಸ್ತೀನಿ" ಎಂದುಬಿಟ್ಟರು. ಆಕೆ ಮಧ್ಯಾಹ್ನದ ಬಸ್ಸಿಗೇ ವಾಪಸ್ಸಾದರು.

ಇಷ್ಟಾದರೂ ಅತ್ತೆಗೆ ಅರುಂಧತಿ ಕಂಡಿರಲಿಲ್ಲ. ಒಂದು ದಿನ ಮೋಡ, ಇನ್ನೊಂದು ದಿನ ಧೂಳು, ಮತ್ತೊಂದು ದಿನ ಎದುರಿನ ಬೀದಿದೀಪ. ಬೇಸಿಗೆ ಮುಗಿಯುತ್ತ ಬಂದಿತ್ತು. ಮಾವ ಮಾತು ಕಡಿಮೆ ಮಾಡಿದ್ದರು. ನಾನು ಹೋಗಿದ್ದ ಒಂದು ಸಂಜೆ, ಹಿಂದಿನ ದಿನ ಬಿದ್ದ ಮಳೆಗೆ ಆಕಾಶ ತೊಳೆದಿಟ್ಟಂತಿತ್ತು. ಬೀದಿಯಲ್ಲಿ ಕರೆಂಟೂ ಇರಲಿಲ್ಲ. ಮಾವ ಎಡಕ್ಕೂ ಬಲಕ್ಕೂ ನೋಡಿ, ವಿಮಾನವಿಲ್ಲವೆಂದು ಖಾತ್ರಿ ಮಾಡಿಕೊಂಡು, ಗುಂಡಿ ಒತ್ತಿದರು. ಹಸಿರು ಗೆರೆ ನೆಟ್ಟಗೆ ಮೇಲೆ ಹೋಗಿ ಬಾಲದ ನಡುವೆ ನಿಂತಿತು.

"ಆ ಗೆರೆ ತುದಿಯಾಗ್ ನೋಡು. ಕಾಣ್ದಿದ್ರೆ ಕಾಣಲ್ಲ ಅನ್ನು. ನಂಗೋಸ್ಕರ ಏಳ್ಬೇಡ."

ಅತ್ತೆ ಬಹಳ ಹೊತ್ತು ನೋಡಿದರು.

"ದಪ್ಪಂದು ಒಂದು," ಎಂದರು ನಿಧಾನವಾಗಿ. "ಪಕ್ಕದಾಗೆ ಸಣ್ಣದು, ಅಂಟ್ಕೊಂಡಂಗೆ ಐತೆ. ಅದೇನಾ?"

"ಎರಡು ಕಾಣ್ತಾ ಐತಾ?"

"ಊಂ, ಎರಡು. ಯಾಕೆ, ನಿಮ್ಗೆ ಕಾಣಲ್ವಾ?"

ಮಾವ ಲೇಸರ್ ಆರಿಸಿದರು. ಕನ್ನಡಕ ತೆಗೆದು ಪಂಚೆಯಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಮೇಲೆ ನೋಡಿದರು. "ನಂಗೆ ಒಂದೇ ಕಾಣೋದು" ಎಂದರು. "ಯಾವತ್ತೂ ಒಂದೇ. ಪಕ್ಕದಾಗೆ ಅವ್ಳು ಇರ್ತಾಳೆ ಅಂತ ಪುಸ್ತಕ್ದಾಗೆ ಓದಿದ್ದೆ ಅಷ್ಟೇ. ನೀನಾದ್ರೂ ನೋಡ್ಲಿ ಅಂತ..."

ಇಷ್ಟು ದಿನ ಇವರನ್ನು ನೋಡಿ ನಕ್ಕವನು ನಾನು.

ಅತ್ತೆ ಹತ್ತಿರ ಬಂದು ಮಾವನ ಮಣಿಕಟ್ಟು ಹಿಡಿದುಕೊಂಡರು. "ಈಗ ಒತ್ತಿ" ಎಂದರು. ಹಸಿರು ಗೆರೆ ಹತ್ತಿತು. ಆ ಕೈಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ, "ಇಲ್ಲಿ" ಎಂದರು.

ಮಾವ ಕತ್ತೆತ್ತಿ ನೋಡುತ್ತಲೇ ಇದ್ದರು.

"ನೀನ್ ಐತೆ ಅಂದ್ಮೇಲೆ ಐತೆ ಬಿಡು" ಎಂದರು.

ಅತ್ತೆ ಮಣಿಕಟ್ಟು ಬಿಡಲಿಲ್ಲ.